ಕೆಲಸ ಬಿಡದೆ ಓದುವ ದಾರಿ ನರ್ಸ್‌ಗೂ ಬೇಕು

ಬಹರೇನ್‌ನ ವಾಯವ್ಯ ಕರಾವಳಿಯ ಊರು ಬುದಯ್ಯ. ಅಲ್ಲಿಂದ ಬುದಯ್ಯ ಹೆದ್ದಾರಿ ಹಿಡಿದು, ಮನಾಮಾ ದಾಟಿ, ಸೇತುವೆ ಹಾದು ಮುಹರ್ರಕ್ ಕಡೆಗೆ ಹೋದರೆ ಬುಸೈತೀನ್ ಸಿಗುತ್ತದೆ. 2004ರಲ್ಲಿ ಆರಂಭವಾದ ಐರ್ಲೆಂಡ್ ಮೂಲದ ಆರ್‌ಸಿಎಸ್‌ಐ ವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಕೆಲಸದಲ್ಲಿರುವ ನರ್ಸ್‌ಗಳು ಅಲ್ಲಿ ಅರೆಕಾಲಿಕವಾಗಿ ಎಂಎಸ್ಸಿ ನರ್ಸಿಂಗ್ ಓದಬಹುದು. ಉಡುಪಿ, ಕಾರ್ಕಳದ ಕಡೆಯಿಂದ ಬಂದು ಬುದಯ್ಯದಲ್ಲಿ ಸಂಸಾರ ಹೂಡಿರುವ ನರ್ಸ್‌ಗೆ ಅದು ಡ್ಯೂಟಿ ಮುಗಿಸಿ ಕಾರಿನಲ್ಲಿ ಹೋಗಿ ಬರುವಷ್ಟು ದೂರ. ಅದೇ ಪದವಿಯನ್ನು ಊರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಪಡೆಯಬೇಕೆಂದರೆ ರಾಜೀನಾಮೆ ಕೊಡಬೇಕು, ವೀಸಾ ಬಿಡಬೇಕು, ಮಕ್ಕಳ ಶಾಲೆ ಬದಲಿಸಬೇಕು, ಎರಡು ವರ್ಷ ಸಂಬಳವಿಲ್ಲದೆ ಇರಬೇಕು.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ಸ್ಪಷ್ಟವಾಗಿದೆ. ಬಿಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಬಿಎಸ್ಸಿಯಲ್ಲಿ ಕನಿಷ್ಠ ಶೇ 55 ಅಂಕ, ರಾಜ್ಯ ಪರಿಷತ್ತಿನ ನೋಂದಣಿ, ಒಂದು ವರ್ಷದ ಅನುಭವ ಇದ್ದವರು ಎಂಎಸ್ಸಿಗೆ ಅರ್ಹರು. ಕೋರ್ಸು ಎರಡು ವರ್ಷದ್ದು, ಪೂರ್ಣಾವಧಿಯದ್ದು. ದೂರಶಿಕ್ಷಣಕ್ಕೆ ಅವಕಾಶವಿಲ್ಲ. ಜಿಎನ್‌ಎಂ ಮಾಡಿ ಗಲ್ಫ್‌ಗೆ ಬಂದವರಿಗೆ ಇನ್ನೂ ಒಂದು ಮೆಟ್ಟಿಲು ಹೆಚ್ಚು. ಅವರು ಮೊದಲು ಪೋಸ್ಟ್ ಬೇಸಿಕ್ ಮುಗಿಸಬೇಕು.

ಈ ಬಿಗಿ ನಿಯಮಕ್ಕೆ ಕಾರಣವಿದೆ. ರೋಗಿಯ ಆರೈಕೆ ಅಂಚೆಯಲ್ಲಿ ಬರುವ ಪುಸ್ತಕ ಓದಿ ಕಲಿಯುವ ವಿದ್ಯೆಯಲ್ಲ. ನರ್ಸಿಂಗ್ ಕಾಲೇಜುಗಳು ಬೀದಿಗೊಂದರಂತೆ ಹುಟ್ಟಿಕೊಂಡ ಕರ್ನಾಟಕದಲ್ಲಿ 'ಹಾಜರಾತಿ ಚಿಂತೆ ಬೇಡ, ಪರೀಕ್ಷೆಗೆ ಬಂದರೆ ಸಾಕು' ಎನ್ನುವ ಮಧ್ಯವರ್ತಿಗಳ ಮಾತು ಯಾರಿಗೂ ಹೊಸದಲ್ಲ. ಆ ಮಾತು ನಂಬುವವರು ಒಂದು ವಿಷಯ ತಿಳಿದಿರಬೇಕು. ಬಹರೇನ್‌ನಲ್ಲಿ ಪರವಾನಗಿ ಕೊಡುವ ರಾಷ್ಟ್ರೀಯ ಆರೋಗ್ಯ ನಿಯಂತ್ರಣ ಪ್ರಾಧಿಕಾರ ಪ್ರಮಾಣಪತ್ರಗಳನ್ನು ಮೂಲ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುತ್ತದೆ. ನರ್ಸ್‌ಗಳು 'ಡೇಟಾಫ್ಲೋ' ಎನ್ನುವುದು ಇದನ್ನೇ. ಅನುಭವ ಪತ್ರದಲ್ಲಿ ಐಸಿಯು ಡ್ಯೂಟಿ ಎಂದಿರುವ ಅದೇ ತಿಂಗಳುಗಳಲ್ಲಿ ಬೆಂಗಳೂರಿನ ಕಾಲೇಜಿನಲ್ಲೂ ಹಾಜರಿದ್ದೆ ಎಂದು ಅಂಕಪಟ್ಟಿ ಹೇಳಿದರೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡುವವರಿಗೆ ಉತ್ತರ ಕೊಡುವುದು ಕಷ್ಟ. ಪದವಿಯ ಆಸೆಗೆ ಕೈಯಲ್ಲಿರುವ ಪರವಾನಗಿಯನ್ನೇ ಪಣಕ್ಕಿಡಬಾರದು.

ಆದರೆ ಕಳ್ಳದಾರಿ ಮುಚ್ಚಬೇಕು ಎನ್ನುವುದು ಬೇರೆ, ನೇರ ದಾರಿಯನ್ನೇ ತೆರೆಯದಿರುವುದು ಬೇರೆ. ಅರೆಕಾಲಿಕ ಓದು ದೂರಶಿಕ್ಷಣವಲ್ಲ. ತರಗತಿಯೂ ಇರುತ್ತದೆ, ಮೇಲ್ವಿಚಾರಣೆಯ ವಾರ್ಡ್ ತರಬೇತಿಯೂ ಇರುತ್ತದೆ. ಅವಧಿ ಮಾತ್ರ ಎರಡು ವರ್ಷದ ಬದಲು ಮೂರಾಗಬಹುದು. ಪ್ರತಿದಿನ ರೋಗಿಯ ಪಕ್ಕದಲ್ಲೇ ನಿಲ್ಲುವವರನ್ನು ಅಲ್ಲಿಂದ ಎಬ್ಬಿಸಿ, ಕಾಲೇಜಿಗೆ ಸೇರಿಸಿ, ಆಮೇಲೆ ಕ್ಲಿನಿಕಲ್ ಪೋಸ್ಟಿಂಗ್ ಎಂದು ಮತ್ತೆ ವಾರ್ಡಿಗೇ ಕಳಿಸುವುದರಲ್ಲಿ ಯಾವ ಶೈಕ್ಷಣಿಕ ತರ್ಕವಿದೆ?

ನರ್ಸ್ ಹೆಚ್ಚು ಓದಿದರೆ ರೋಗಿಗೇನು ಲಾಭ ಎಂದು ಕೇಳುವವರಿದ್ದಾರೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪದವಿ ಪಡೆದ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿರುವಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಕಡಿಮೆ ಎಂಬುದು ಅದರ ತಿರುಳು. ಅದು ಬಿಎಸ್ಸಿ ಮಟ್ಟದ ಲೆಕ್ಕ, ನಿಜ. ಆದರೂ ನರ್ಸ್‌ನ ಓದು ರೋಗಿಯ ಜೀವಕ್ಕೆ ಸಂಬಂಧಿಸಿದ್ದು ಎನ್ನಲು ಅಷ್ಟು ಸಾಕು.

ಬಹರೇನ್‌ನದೇ ಉದಾಹರಣೆ ನೋಡಿ. ಕುಡಗೋಲು ರಕ್ತಕಣ ಕಾಯಿಲೆ, ಅಂದರೆ ಸಿಕಲ್ ಸೆಲ್, ಆ ದ್ವೀಪರಾಷ್ಟ್ರದ ದೊಡ್ಡ ಆರೋಗ್ಯ ಸಮಸ್ಯೆ. ನೋವಿನಿಂದ ಚೀರುತ್ತಾ ತುರ್ತು ವಿಭಾಗಕ್ಕೆ ಬರುವ ಯುವಕನಿಗೆ ಹೊರಗೆ ಗಾಯವಿರುವುದಿಲ್ಲ, ಊತವೂ ಕಾಣದಿರಬಹುದು. 'ಇವನು ಇಂಜೆಕ್ಷನ್‌ಗಾಗಿ ನಾಟಕವಾಡುತ್ತಿದ್ದಾನೆಯೇ' ಎಂಬ ಅನುಮಾನ ಅನುಭವಿಗಳಿಗೂ ಬರುತ್ತದೆ. ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಂಡು ಮೂಳೆಗೆ ರಕ್ತ ಹೋಗದಿದ್ದಾಗ ಆಗುವ ನೋವದು ಎಂದು ಆಳವಾಗಿ ಓದಿದ ನರ್ಸ್ ಆ ಅನುಮಾನದಲ್ಲಿ ಹೊತ್ತು ಕಳೆಯುವುದಿಲ್ಲ. ನೋವಿನ ಅಂಕ ಕೇಳುತ್ತಾಳೆ, ಆಮ್ಲಜನಕದ ಮಟ್ಟ ನೋಡುತ್ತಾಳೆ, ಎದೆನೋವು, ಜ್ವರ, ಉಸಿರಾಟದ ವೇಗ ಗಮನಿಸಿ ವೈದ್ಯರನ್ನು ಬೇಗ ಕರೆಯುತ್ತಾಳೆ. ಮೊದಲ ನೋವುನಿವಾರಕ ಸಿಗಲು ತನ್ನ ವಾರ್ಡಿನಲ್ಲಿ ಎಷ್ಟು ನಿಮಿಷ ಹಿಡಿಯುತ್ತಿದೆ ಎಂಬುದೇ ಅವಳ ಎಂಎಸ್ಸಿ ಪ್ರಬಂಧವಾಗಬಹುದು.

ಈ ತಿಳಿವಳಿಕೆ ನಮ್ಮ ರಾಜ್ಯಕ್ಕೂ ಬೇಕಾದದ್ದೇ. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗರು, ಜೇನು ಕುರುಬರಂಥ ಸಮುದಾಯಗಳಲ್ಲಿ ಇದೇ ಕಾಯಿಲೆ ಇದೆ. 2047ರೊಳಗೆ ಇದನ್ನು ನಿರ್ಮೂಲ ಮಾಡುವ ಗುರಿಯೊಂದಿಗೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನ ಆರಂಭಿಸಿದೆ. ಗಲ್ಫ್‌ನ ವಾರ್ಡುಗಳಲ್ಲಿ ವರ್ಷಗಟ್ಟಲೆ ಇಂಥ ರೋಗಿಗಳನ್ನು ನೋಡಿಕೊಂಡ ಕನ್ನಡದ ನರ್ಸ್‌ಗಳ ಅನುಭವವನ್ನು ನಮ್ಮ ಕಾಡಂಚಿನ ಆರೋಗ್ಯ ಕೇಂದ್ರಗಳಿಗೆ ತರುವ ಯೋಜನೆ ಮಾತ್ರ ಕಾಣುತ್ತಿಲ್ಲ.

ಇನ್ನೊಂದು ದೋಷ ಇದಕ್ಕಿಂತ ಆಳವಾದದ್ದು. ನಮ್ಮಲ್ಲಿ ಎಂಎಸ್ಸಿ ನರ್ಸಿಂಗ್ ಎಂದರೆ ಬಹುಮಟ್ಟಿಗೆ ಪಾಠ ಹೇಳುವವರ ಪದವಿ. ಕಾಲೇಜುಗಳ ಬೋಧಕ ಹುದ್ದೆಗೆ ಅದು ಬೇಕು. ವಾರ್ಡಿಗೆ ಮರಳಿದರೆ ಹಲವು ಕಡೆ ಅದೇ ಸ್ಟಾಫ್ ನರ್ಸ್ ಹುದ್ದೆ, ಹೆಚ್ಚುಕಡಿಮೆ ಅದೇ ಸಂಬಳ. ಹೀಗಾಗಿ ಹೆಚ್ಚು ಓದಿದವರೆಲ್ಲ ರೋಗಿಯಿಂದ ದೂರ ಸರಿಯುತ್ತಾರೆ. ಇದನ್ನು ತಿದ್ದಲು ಪರಿಷತ್ತು ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಸ್ನಾತಕೋತ್ತರ ರೆಸಿಡೆನ್ಸಿಯನ್ನು ರೂಪಿಸಿತು. ಅದರ ಬಹುಪಾಲು ಅವಧಿ ಐಸಿಯುವಿನಲ್ಲೇ ಕಳೆಯುತ್ತದೆ. ಅಮೆರಿಕದಲ್ಲಿ 1965ರಲ್ಲೇ ಲೊರೆಟ್ಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಹಾದಿಯದು. ಕೋರ್ಸು ರೂಪಿಸಿದರೆ ಮಾತ್ರ ಸಾಲದು, ಕಲಿತವರಿಗೆ ಹುದ್ದೆ, ಅಧಿಕಾರ, ವೇತನಶ್ರೇಣಿ ಇರಬೇಕು.

2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಹಳೆಯ ಪರಿಷತ್ತಿನ ಜಾಗದಲ್ಲಿ ಹೊಸ ವ್ಯವಸ್ಥೆಯನ್ನು ತರುವಂಥದ್ದು. ನಿಯಮ ಹೊಸದಾಗಿ ಬರೆಯಲು ಇದೇ ಸಮಯ. ಕೆಲಸದೊಂದಿಗೆ ಓದುವ ಮೂರು ವರ್ಷದ ಎಂಎಸ್ಸಿಗೆ ಆಯೋಗ ಅವಕಾಶ ಕೊಡಲಿ. ಮಾನ್ಯತೆ ಪಡೆದ ಆಸ್ಪತ್ರೆ, ಅದು ಮಂಗಳೂರಿನದ್ದಾಗಲಿ ಮನಾಮಾದ್ದಾಗಲಿ, ತರಬೇತಿ ಕೇಂದ್ರವಾಗಲಿ. ಆದರೆ ದಿನದ ಡ್ಯೂಟಿಯನ್ನೇ ತರಬೇತಿ ಎಂದು ಲೆಕ್ಕ ಹಾಕುವುದು ಬೇಡ. ಮಾರ್ಗದರ್ಶಕರು ಕೂತು ಪರಿಶೀಲಿಸಿದ ಗಂಟೆಗಳು ಮಾತ್ರ ಎಣಿಕೆಗೆ ಬರಲಿ, ಪರೀಕ್ಷೆ ವಿಶ್ವವಿದ್ಯಾಲಯದಲ್ಲೇ ನಡೆಯಲಿ. ಹೊರದೇಶದ ಪದವಿಗೆ ತತ್ಸಮಾನ ಮಾನ್ಯತೆ ಪಡೆಯಲು ಅರ್ಜಿಗೆ ಕಾಲಮಿತಿ ಇರಲಿ. ಕರ್ನಾಟಕ ಸರ್ಕಾರ ಜಿಲ್ಲಾಸ್ಪತ್ರೆಗಳಲ್ಲಿ ತಜ್ಞ ನರ್ಸ್ ಹುದ್ದೆಗಳನ್ನು ಸೃಷ್ಟಿಸಲಿ.

ಓದಲು ಹೊರಟಿರುವವರಿಗೂ ಒಂದು ಮಾತು. ಸೀಟು ಸುಲಭವಾಗಿ ಸಿಗುತ್ತದೆಂದು ವಿಷಯ ಆರಿಸಬೇಡಿ. ಮೆಡಿಕಲ್-ಸರ್ಜಿಕಲ್, ಮಕ್ಕಳ ಆರೈಕೆ, ಪ್ರಸೂತಿ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ಇವುಗಳಲ್ಲಿ ನೀವು ನಿಂತು ಕೆಲಸ ಮಾಡಿದ ವಾರ್ಡಿಗೆ ಹತ್ತಿರವಾದದ್ದನ್ನು ಹಿಡಿಯಿರಿ. ಶುಲ್ಕ ಕಟ್ಟುವ ಮೊದಲು ಆ ಪದವಿ ಭಾರತದಲ್ಲಿ ನೋಂದಣಿಗೆ ಒಪ್ಪಿಗೆಯೇ ಎಂದು ಲಿಖಿತವಾಗಿ ಕೇಳಿ. ರಜೆ, ಶಿಫ್ಟ್ ಹೊಂದಾಣಿಕೆಯ ಬಗ್ಗೆ ಆಸ್ಪತ್ರೆಯಿಂದ ಬಾಯಿಮಾತಿನ ಭರವಸೆ ಸಾಲದು, ಪತ್ರವನ್ನೇ ಪಡೆಯಿರಿ.

ವೈದ್ಯರು ಎಂಡಿ ಮಾಡುವಾಗ ಆಸ್ಪತ್ರೆಯಲ್ಲೇ ದುಡಿಯುತ್ತಾರೆ, ಅದಕ್ಕೆ ಸ್ಟೈಪೆಂಡ್ ಪಡೆಯುತ್ತಾರೆ. ಅದು ಸರಿಯಾದ ವ್ಯವಸ್ಥೆ ಎಂದು ಒಪ್ಪಿರುವ ನಾವು, ನರ್ಸ್ ಓದಬೇಕೆಂದಾಗ ಮಾತ್ರ ಕೆಲಸ ಬಿಟ್ಟು ಬಾ ಎನ್ನುವುದು ಅನ್ಯಾಯ. ಹೊಸ ಆಯೋಗ ಮೊದಲು ಸರಿಪಡಿಸಬೇಕಾದ ಅನ್ಯಾಯಗಳಲ್ಲಿ ಇದೂ ಒಂದು.