ಮಿಷನ್ ಪೈಲಟ್: ಹಾರುವುದಕ್ಕಿಂತ ಹಿಂತಿರುಗುವುದನ್ನು ಕಲಿಯಬೇಕು

2020ರ ಮೇ 12ರ ಬೆಳಿಗ್ಗೆ ಇಂಡೋನೇಷ್ಯಾದ ಪಾಪುವಾ ಪ್ರಾಂತ್ಯದ ಸೆಂತಾನಿಯಿಂದ ಹೊರಟ ಪುಟ್ಟ ವಿಮಾನವೊಂದು ಕೆಲವೇ ನಿಮಿಷಗಳಲ್ಲಿ ಅಲ್ಲಿನ ಸರೋವರಕ್ಕೆ ಬಿದ್ದಿತು. ಒಳಗಿದ್ದವರು ಪೈಲಟ್ ಜಾಯ್ಸ್ ಲಿನ್ ಒಬ್ಬರೇ. ಮಾಮಿತ್ ಎಂಬ ಗುಡ್ಡಗಾಡು ಹಳ್ಳಿಗೆ ಅವರು ಕೋವಿಡ್ ಪರೀಕ್ಷೆಯ ಕಿಟ್‌ಗಳನ್ನೂ ಶಾಲಾ ಸಾಮಗ್ರಿಗಳನ್ನೂ ಒಯ್ಯುತ್ತಿದ್ದರು. ಅಮೆರಿಕದ ಎಂ.ಐ.ಟಿ.ಯಲ್ಲಿ ಕಂಪ್ಯೂಟರ್ ಕಲಿತಿದ್ದ ಅವರು ಆ ವೃತ್ತಿಯನ್ನು ಬಿಟ್ಟು ಮಿಷನ್ ಏವಿಯೇಷನ್ ಫೆಲೋಶಿಪ್ (ಎಂ.ಎ.ಎಫ್.) ಸೇರಿದ್ದರು.

ಇಂಥ ಸುದ್ದಿ ಓದಿದಾಗ ನಾವು ತ್ಯಾಗವನ್ನು ಕೊಂಡಾಡುತ್ತೇವೆ. ಆದರೆ ಈ ಸೇವೆಯ ಹಿಂದಿರುವ ತರಬೇತಿಯ ಬಗ್ಗೆ ಯೋಚಿಸುವವರು ಕಡಿಮೆ.

ಕಥೋಲಿಕರಿಗೂ ಇದು ಹೊಸತಲ್ಲ. ಮೊದಲ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದ ಜರ್ಮನಿಯ ಫಾದರ್ ಪೌಲ್ ಶುಲ್ಟೆ ಓ.ಎಂ.ಐ. ಅವರ ಸ್ನೇಹಿತರಾದ ಯಾಜಕರೊಬ್ಬರು ಆಫ್ರಿಕಾದಲ್ಲಿ ಸಕಾಲದಲ್ಲಿ ಚಿಕಿತ್ಸೆ ಸಿಗದೆ ತೀರಿಕೊಂಡರು. ಆ ದುಃಖದಿಂದಲೇ 1927ರಲ್ಲಿ ಮಿಷನರಿಗಳಿಗೆ ವಾಹನ ಒದಗಿಸುವ ‘ಮಿವಾ’ ಸಂಸ್ಥೆ ಹುಟ್ಟಿತು. ಪಾಪುವಾ ನ್ಯೂಗಿನಿಯಲ್ಲಿ ವೆವಾಕ್‌ನ ಬಿಷಪ್ ಲಿಯೋ ಆರ್ಕ್‌ಫೆಲ್ಡ್ ಎಸ್.ವಿ.ಡಿ. ತಾವೇ ವಿಮಾನ ನಡೆಸಿ ಜನರನ್ನು ಭೇಟಿಯಾಗುತ್ತಿದ್ದರು. ‘ಹಾರುವ ಬಿಷಪ್’ ಎಂದೇ ಅವರು ಹೆಸರಾದರು.

ಈ ಕೆಲಸಕ್ಕೆ ಭಕ್ತಿ ಮಾತ್ರ ಸಾಲದು. ಅಮೆರಿಕದಲ್ಲಿ ಕಮರ್ಷಿಯಲ್ ಪೈಲಟ್ ಲೈಸನ್ಸ್‌ಗೆ ಸಾಮಾನ್ಯವಾಗಿ 250 ಗಂಟೆಗಳ ಹಾರಾಟ ಬೇಕು, ಭಾರತದಲ್ಲಿ 200. ಮೋಡದೊಳಗೆ ಕಣ್ಣಿಗೇನೂ ಕಾಣದಾಗ ಉಪಕರಣಗಳನ್ನೇ ನಂಬಿ ಹಾರುವ ಅರ್ಹತೆ ಬೇರೆಯೇ ಗಳಿಸಬೇಕು. ಕಾಡಿನ ನಡುವೆ ಎಂಜಿನ್ ಕೆಟ್ಟರೆ ಮೆಕ್ಯಾನಿಕ್‌ನನ್ನು ಕರೆಸುವುದೆಲ್ಲಿಂದ? ಆದ್ದರಿಂದಲೇ ಈ ಕ್ಷೇತ್ರದಲ್ಲಿ ಅನೇಕರು ವಿಮಾನ ದುರಸ್ತಿಯ ಪರವಾನಗಿಯನ್ನೂ ಪಡೆಯುತ್ತಾರೆ. ಅಮೆರಿಕದ ಮೂಡಿ ಏವಿಯೇಷನ್ 1946ರಿಂದ ಇಂಥವರನ್ನು ತಯಾರು ಮಾಡುತ್ತಿದೆ. ಹೋದ ನಾಡಿನ ಭಾಷೆ ಕಲಿಯುವ ಕೆಲಸವೂ ಇದೆ.

ಎಲ್ಲಕ್ಕಿಂತ ಕಷ್ಟದ ಪಾಠ ‘ಆಗುವುದಿಲ್ಲ’ ಎನ್ನುವುದು. ಪಾಪುವಾದ ಅನೇಕ ರನ್‌ವೇಗಳು ಬೆಟ್ಟದ ಇಳಿಜಾರಿನಲ್ಲಿರುವ ಹುಲ್ಲಿನ ಪಟ್ಟಿಗಳು. ಏರುಮುಖವಾಗಿ ಇಳಿಯಬೇಕು, ಇಳಿಮುಖವಾಗಿ ಏರಬೇಕು. ಒಂದು ಹಂತ ದಾಟಿದ ಮೇಲೆ ವಿಮಾನವನ್ನು ಮತ್ತೆ ಮೇಲೆತ್ತಲು ಎದುರಿನ ಬೆಟ್ಟ ಬಿಡುವುದಿಲ್ಲ. ಹಿಂತಿರುಗುವ ತೀರ್ಮಾನವನ್ನು ಆ ಹಂತಕ್ಕೆ ಮೊದಲೇ ಮಾಡಬೇಕು. ಕೆಳಗೆ ಹೆರಿಗೆ ನೋವಿನಲ್ಲಿ ತಾಯಿಯೊಬ್ಬಳು ಕಾಯುತ್ತಿದ್ದರೂ ಮೋಡ ಮುಚ್ಚಿದರೆ ಪೈಲಟ್ ಹಿಂತಿರುಗಲೇಬೇಕು. ‘ದೇವರು ಕಾಪಾಡುತ್ತಾನೆ’ ಎಂದು ನಿಯಮ ಮೀರುವುದು ವಿಶ್ವಾಸವಲ್ಲ. ದೇವಾಲಯದ ಶಿಖರದಲ್ಲಿ ಸೈತಾನನು ಯೇಸುವಿಗೆ ಒಡ್ಡಿದ್ದು ಇದೇ ಬಗೆಯ ಶೋಧನೆಯಲ್ಲವೇ?

ಇನ್ನೊಂದು ಅಡಚಣೆ ಹಣ. ವಿಮಾನದ ತರಬೇತಿ ದುಬಾರಿ. ತಲೆಯ ಮೇಲೆ ಸಾಲವಿದ್ದವನು ಸಂಬಳದ ಕೆಲಸ ಹುಡುಕಲೇಬೇಕಾಗುತ್ತದೆ, ಆಗ ದೇವರ ಕರೆ ಹಿಂದೆ ಸರಿಯುತ್ತದೆ. ಎಂ.ಎ.ಎಫ್.ನಂಥ ಸಂಸ್ಥೆಗಳಲ್ಲಿ ಅಭ್ಯರ್ಥಿಗಳು ಊರಿನ ಸಭೆಗಳಿಂದ, ಸ್ನೇಹಿತರಿಂದ ನೆರವು ಕೂಡಿಸಿಕೊಂಡೇ ಹೊರಡುತ್ತಾರೆ. ನಮ್ಮಲ್ಲಿ ಯಾಜಕನಾಗುವವನನ್ನು ಧರ್ಮಪ್ರಾಂತ್ಯ ಓದಿಸುತ್ತದೆ. ಪೈಲಟ್, ನರ್ಸ್ ಅಥವಾ ಎಂಜಿನಿಯರ್ ಆಗಿ ಮಿಷನ್‌ಗೆ ಹೋಗಬೇಕೆನ್ನುವ ಶ್ರೀಸಾಮಾನ್ಯ ವಿಶ್ವಾಸಿಯನ್ನು ಓದಿಸುವವರು ಯಾರು? ವಿಮಾನ ಕೊಳ್ಳಲು ದಾನಿಗಳು ಸಿಕ್ಕಾರು. ಅದನ್ನು ನಡೆಸುವವರನ್ನು ರೂಪಿಸಲು ಸಿಗುವವರು ವಿರಳ.

ಆಸ್ಟ್ರಿಯಾದಲ್ಲಿ ಮಿವಾ ಸಂಸ್ಥೆ ಸಂತ ಕ್ರಿಸ್ಟೋಫರರ ಹಬ್ಬದ ವೇಳೆ, ಅಪಘಾತವಿಲ್ಲದೆ ವಾಹನ ಓಡಿಸಿದ ಪ್ರತಿ ಕಿಲೋಮೀಟರಿಗೂ ಸೆಂಟ್‌ನ ಹತ್ತನೇ ಒಂದು ಭಾಗ ಕೊಡಿ ಎಂದು ಕೇಳುತ್ತದೆ. ಚಿಕ್ಕ ಮೊತ್ತ, ಆದರೆ ಸುರಕ್ಷಿತವಾಗಿ ಮನೆ ಸೇರಿದ್ದಕ್ಕೆ ಕೃತಜ್ಞತೆ. ಅಕ್ಟೋಬರಿನ ಮಿಷನ್ ಭಾನುವಾರದ ಕಾಣಿಕೆ ಹಾಕುವಾಗ ನಮ್ಮ ಧರ್ಮಕೇಂದ್ರದ ಯುವಜನರನ್ನೂ ಒಮ್ಮೆ ನೋಡೋಣ. ಅವರಲ್ಲಿ ಒಬ್ಬರ ತರಬೇತಿಯ ಹೊಣೆ ಹೊರಲು ನಾವು ಸಿದ್ಧರೇ?