ಅಂತರ್ಜಾಲದ ಕಚೇರಿಯಲ್ಲಿ ಬೀಗದ ಕೈ ಯಾರ ವಶದಲ್ಲಿದೆ?

ನಮ್ಮ ದೇಶದಲ್ಲಿ ಅಂತರ್ಜಾಲವು ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಆಗ ಅದು ಮಹಾನಗರಗಳ ಸೊತ್ತಾಗಿತ್ತು. ಈಗಲಾದರೋ ಕಾರ್ಕಳ ತಾಲೂಕಿನ ನಿಟ್ಟೆಯಂತಹ ಗ್ರಾಮದಲ್ಲಿಯೂ ಬ್ರಾಡ್‌ಬ್ಯಾಂಡಿನ ತಂತಿಯು ತೋಟದ ನಡುವಣ ಮನೆಗಳವರೆಗೆ ಹೋಗಿ ಮುಟ್ಟಿದೆ. ಮಕ್ಕಳು ಮುಂಬಯಿಯಲ್ಲಿಯೋ ಗಲ್ಫ್ ದೇಶಗಳಲ್ಲಿಯೋ ಇರಲು, ಮನೆಯಲ್ಲಿ ಉಳಿದ ವೃದ್ಧ ತಂದೆತಾಯಿಗಳು ಸಂಜೆಯ ಹೊತ್ತು ಅವರ ಮುಖವನ್ನು ಕಾಣುವುದು ಆ ತಂತಿಯ ದಯೆಯಿಂದಲೇ. ಇದು ಸಂತೋಷದ ಸಂಗತಿ. ಆದರೆ ಆ ತಂತಿಯ ಇನ್ನೊಂದು ತುದಿಯಲ್ಲಿರುವ ಕಚೇರಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನಮ್ಮ ಜನರು ವಿಚಾರಿಸಿದಂತೆ ಕಾಣುವುದಿಲ್ಲ.

ಸಂಪರ್ಕವನ್ನು ಒದಗಿಸುವ ಸಂಸ್ಥೆಯು, ಅದು ಎಷ್ಟು ಚಿಕ್ಕದಾದರೂ, ತನ್ನ ವ್ಯವಹಾರವನ್ನೆಲ್ಲ ಒಂದು ಸಾಫ್ಟ್‌ವೇರಿನ ಮೂಲಕ ನಡೆಯಿಸುತ್ತದೆ. ಗ್ರಾಹಕನ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಗುರುತಿನ ಪತ್ರದ ನಕಲು, ಬಾಕಿಯ ಲೆಕ್ಕ, ಅವನು ಎಷ್ಟು ಹೊತ್ತಿಗೆ ಸಂಪರ್ಕಕ್ಕೆ ಬಂದನು, ಎಷ್ಟು ಹೊತ್ತಿಗೆ ಬಿಟ್ಟನು, ಇವೆಲ್ಲವೂ ಅದರಲ್ಲಿ ಕಾಣುತ್ತವೆ. ಕಾಣುವುದಷ್ಟೇ ಅಲ್ಲ; ಅದೇ ಸ್ಥಳದಿಂದ ಒಂದು ಮನೆಯ ಸಂಪರ್ಕವನ್ನು ಕಡಿಯಬಹುದು, ಬಾಕಿಯನ್ನು ಅಳಿಸಬಹುದು, ಸಲ್ಲದವನಿಗೆ ತಿಂಗಳುಗಟ್ಟಲೆ ಪುಕ್ಕಟೆಯಾಗಿ ಕೊಡಬಹುದು. ಹಿಂದಿನ ಕಾಲದಲ್ಲಿ ಗ್ರಾಮದ ಶಾನುಭೋಗನಿಗೂ ಇಷ್ಟು ಅಧಿಕಾರವಿರಲಿಲ್ಲ!

ಇಷ್ಟು ಅಧಿಕಾರವು ಯಾರ ಕೈಯಲ್ಲಿದೆ? ಸಾಫ್ಟ್‌ವೇರನ್ನು ರಚಿಸಿದವರು ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಖಾತೆಯನ್ನು ತೆರೆದು, ಅವನವನ ಕೆಲಸಕ್ಕೆ ತಕ್ಕಷ್ಟೇ ಅಧಿಕಾರವನ್ನು ಕೊಡುವ ಏರ್ಪಾಡನ್ನು ಮಾಡಿಯೇ ಇರುತ್ತಾರೆ. ಆದರೆ ಅನೇಕ ಸಣ್ಣ ಕಚೇರಿಗಳಲ್ಲಿ ನಡೆಯುವುದೇ ಬೇರೆ. ಯಜಮಾನನ 'ಅಡ್ಮಿನ್' ಖಾತೆಯೊಂದೇ; ಅದರ ಪಾಸ್‌ವರ್ಡು ಕಂಪ್ಯೂಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಬಿಲ್ಲು ಬರೆಯುವವಳೂ ಅದರಿಂದಲೇ, ವಸೂಲಿಗೆ ಹೋಗುವವನೂ ಅದರಿಂದಲೇ, ಕಂಬವನ್ನೇರುವವನೂ ಅದರಿಂದಲೇ. ಕಳೆದ ವರ್ಷ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನ ಮೊಬೈಲಿನಲ್ಲಿಯೂ ಅದು ಇನ್ನೂ ತೆರೆದೇ ಇದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಇದರಿಂದ ಕೆಟ್ಟುದೇನು ಎಂದು ಕೇಳುವವರುಂಟು. ಒಂಟಿ ಮನೆಯೊಂದರಲ್ಲಿ ಹದಿನೈದು ದಿನಗಳಿಂದ ಸಂಪರ್ಕವು ಉಪಯೋಗವಾಗಿಲ್ಲವೆಂದರೆ ಆ ಮನೆಗೆ ಬೀಗ ಹಾಕಿದೆಯೆಂದು ಊಹಿಸುವುದಕ್ಕೆ ಮಹಾ ಬುದ್ಧಿಯೇನೂ ಬೇಡ. ಕಾಲೇಜಿನ ಸಮೀಪದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ವಿದ್ಯಾರ್ಥಿನಿಯ ದೂರವಾಣಿ ಸಂಖ್ಯೆಯು ಕಚೇರಿಯ ಪ್ರತಿಯೊಬ್ಬನ ಕಣ್ಣಿಗೂ ಬೀಳಬೇಕಾದ ಅಗತ್ಯವೇನು? ಇನ್ನು ನೌಕರರ ಗತಿಯನ್ನು ನೋಡಿ. ಸಾವಿರಾರು ರೂಪಾಯಿಯ ಬಾಕಿ ಒಂದು ರಾತ್ರಿಯಲ್ಲಿ ಅಳಿಸಿಹೋಯಿತೆನ್ನೋಣ. ದಾಖಲೆಯಲ್ಲಿ ಕಾಣುವುದು 'ಅಡ್ಮಿನ್' ಎಂಬ ಒಂದೇ ಹೆಸರು. ಆಗ ಸಂಶಯವು ಯಾರ ತಲೆಗೆ ಬರುತ್ತದೆ? ಯಜಮಾನನ ಬಂಧುವಿನ ತಲೆಗಲ್ಲ. ದಿನವಿಡೀ ಬಿಸಿಲಲ್ಲಿ ಅಲೆದು ಹಣ ತರುವ ಬಡ ಹುಡುಗನ ತಲೆಗೇ. ತಾನು ನಿರಪರಾಧಿಯೆಂದು ತೋರಿಸುವ ಸಾಧನವೇ ಅವನಿಗಿಲ್ಲದಂತಾಗುತ್ತದೆ. ಪ್ರತ್ಯೇಕ ಖಾತೆಯೆಂದರೆ ತಮ್ಮ ಮೇಲಿನ ಅವಿಶ್ವಾಸವೆಂದು ಭಾವಿಸಿ ಮುನಿಯುವ ನೌಕರರು ಈ ಅಂಶವನ್ನು ಗಮನಿಸಬೇಕು.

ಪರರಾಜ್ಯದ ಕಾಲದಲ್ಲಿ ದೇಶಭಕ್ತರ ಅಂಚೆಯನ್ನು ಒಡೆದು ಓದುತ್ತಿದ್ದರೆಂಬುದನ್ನು ನಾವು ಮರೆತಿಲ್ಲ. ಆದರೂ ಆ ಸರಕಾರವೇ ರಚಿಸಿದ 1885ರ ಟೆಲಿಗ್ರಾಫ್ ಕಾಯಿದೆಯು, ತಂತಿ ಸಂದೇಶದ ತಾತ್ಪರ್ಯವನ್ನು ಅನ್ಯರಿಗೆ ಬಿಟ್ಟುಕೊಟ್ಟ ಟೆಲಿಗ್ರಾಫ್ ನೌಕರನಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತ್ತು. ಸ್ವರಾಜ್ಯ ಬಂದ ತರುವಾಯ ನಮ್ಮ ನಾಡಿನಲ್ಲಿಯೇ, 1988ರ ಆಗಸ್ಟಿನಲ್ಲಿ, ದೂರವಾಣಿ ಕದ್ದಾಲಿಕೆಯ ಪ್ರಕರಣದಿಂದಾಗಿ ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಬೇಕಾಯಿತು. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಏಕಕಂಠದಿಂದ ಸಾರಿದ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಶ್ರೀ ಕೆ. ಎಸ್. ಪುಟ್ಟಸ್ವಾಮಿಯವರು. ಸರಕಾರದಿಂದ ಇಷ್ಟು ಹೋರಾಡಿ ಪಡೆದ ಹಕ್ಕನ್ನು ಬೀದಿಯ ಮೂಲೆಯ ಕಚೇರಿಯಲ್ಲಿ ಅಜಾಗ್ರತೆಯಿಂದ ಕಳೆದುಕೊಳ್ಳುವುದು ಯಾವ ವಿವೇಕ?

ಪರಿಹಾರವನ್ನು ಹುಡುಕಲು ನಾವು ಪರದೇಶಕ್ಕೆ ಹೋಗಬೇಕಾದುದಿಲ್ಲ. 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಅಮೇರಿಕದ ಇಬ್ಬರು ವಿದ್ವಾಂಸರು, ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕೆಂಬ ಸೂತ್ರವನ್ನು ಕಂಪ್ಯೂಟರ್ ಶಾಸ್ತ್ರಕ್ಕೆ ವಿಧಿಸಿದರು, ನಿಜ. ಆದರೆ ನಮ್ಮ ಕೂಡುಕುಟುಂಬಗಳ ಹಿರಿಯ ಗೃಹಿಣಿಯು ಬೀಗದ ಕೈಯ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂದಂದಿನ ಅಕ್ಕಿಯನ್ನು ಅಳೆದುಕೊಡುತ್ತಿದ್ದಳಲ್ಲದೆ ಉಗ್ರಾಣದ ಕೈಯನ್ನೇ ಕೊಡುತ್ತಿರಲಿಲ್ಲ! ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬೇಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬೇಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಮನೆಮನೆಯಿಂದ ಸಂಗ್ರಹಿಸುವ ಏಜಂಟನ ಕೈಯಲ್ಲಿ ವಸೂಲಿಯ ಪುಸ್ತಕವಿತ್ತು, ಬೇಂಕಿನ ಖಾತೆಪುಸ್ತಕಗಳಿರಲಿಲ್ಲ. ಸರಕಾರದ ಖಜಾನೆಗೆ ಎರಡು ಬೀಗಗಳೂ, ಎರಡು ಕೈಗಳಿಗೆ ಇಬ್ಬರು ಜವಾಬ್ದಾರರೂ ಇರುವ ಪದ್ಧತಿಯು ಅಧಿಕಾರಿವರ್ಗದ ನಮ್ಮ ವಾಚಕರಿಗೆ ತಿಳಿಯದುದಲ್ಲ.

ಈ ಕ್ರಮವನ್ನೇ ಅಂತರ್ಜಾಲದ ಕಚೇರಿಗೂ ತರಬೇಕು. ವಸೂಲಿಯವನಿಗೆ ತನ್ನ ಓಣಿಯ ಗ್ರಾಹಕರ ಹೆಸರು ಮತ್ತು ಬಾಕಿ ಕಂಡರೆ ಸಾಕು. ಹಣ ಬಂದುದನ್ನು ಬರೆಯಬಹುದು, ಬರೆದುದನ್ನು ಅಳಿಸುವ ಅಧಿಕಾರ ಬೇಡ. ದುರಸ್ತಿಯವನಿಗೆ ವಿಳಾಸವೂ ತಂತಿಯ ಸ್ಥಿತಿಯೂ ಬೇಕು. ಗುರುತಿನ ಪತ್ರದ ನಕಲು ಬೇಡ. ರಿಯಾಯಿತಿಯನ್ನು ಒಬ್ಬನು ಸೂಚಿಸಿದರೆ ಇನ್ನೊಬ್ಬನು ಒಪ್ಪಬೇಕು. ಯಜಮಾನನೂ ನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆಯನ್ನೇ ಬಳಸಿ, 'ಅಡ್ಮಿನ್' ಖಾತೆಯನ್ನು ಅಪರೂಪಕ್ಕೆ ಮಾತ್ರ ತೆರೆಯುವುದು ಮೇಲು.

ನಾಲ್ಕೇ ಜನರಿರುವ ಕಚೇರಿಗೆ ಇಷ್ಟೊಂದು ಆಡಂಬರವೇಕೆ ಎಂಬ ಆಕ್ಷೇಪವನ್ನು ನಾವು ತಿರಸ್ಕರಿಸುವುದಿಲ್ಲ. ಘಟ್ಟದ ತಪ್ಪಲಿನ ಈ ಸೀಮೆಯಲ್ಲಿ ಆಷಾಢದ ಗಾಳಿಮಳೆಗೆ ಮರವುರುಳಿ ತಂತಿ ಹರಿದಾಗ, ನಡುರಾತ್ರಿ ಯಜಮಾನನ ಅಪ್ಪಣೆಗಾಗಿ ಕಾಯುತ್ತ ಕುಳಿತರೆ ಊರಿಗೆ ಊರೇ ಸಂಪರ್ಕವಿಲ್ಲದೆ ಉಳಿದೀತು. ಆದರೆ ಅಂತಹ ರಾತ್ರಿಗೆಂದು ಹೆಚ್ಚಿನ ಅಧಿಕಾರವನ್ನು ಕೊಟ್ಟು, ಬೆಳಗಾದೊಡನೆ ಹಿಂದೆಗೆದುಕೊಂಡರಾಯಿತು. ಒಂದು ರಾತ್ರಿಯ ತೊಂದರೆಯನ್ನು ನೆವಮಾಡಿ ವರ್ಷವೆಲ್ಲ ಬಾಗಿಲು ತೆರೆದಿಡುವುದು ನಮಗೆ ಸಮ್ಮತವಲ್ಲ.

ಕಾಯಿದೆಗೆ ಕೊರತೆಯಿಲ್ಲ. ಕರಾರಿನ ಮೇರೆಗೆ ತಿಳಿದ ವೈಯಕ್ತಿಕ ಸಂಗತಿಯನ್ನು ದುರುದ್ದೇಶದಿಂದ ಹೊರಗೆಡಹಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 72ಎ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದು. ಕಂಪ್ಯೂಟರ್ ವ್ಯವಸ್ಥೆಗಳ ಬಳಕೆಯ ದಾಖಲೆಯನ್ನು 180 ದಿನಗಳ ಕಾಲ ಇಟ್ಟಿರಬೇಕೆಂದು 2022ರ ಏಪ್ರಿಲ್ 28ರ ಕೇಂದ್ರದ ಆದೇಶವಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ರಕ್ಷಣೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೂ ದಂಡವನ್ನು ವಿಧಿಸಬಲ್ಲದು. 2025ರ ನವೆಂಬರಿನಲ್ಲಿ ಪ್ರಕಟವಾದ ಅದರ ನಿಯಮಗಳಲ್ಲಿ ಪ್ರವೇಶಾಧಿಕಾರದ ಹತೋಟಿಯನ್ನು ಸ್ಪಷ್ಟವಾಗಿ ಹೇಳಿದೆ, ಆ ಭಾಗವು ಪ್ರಕಟಣೆಯಿಂದ ಹದಿನೆಂಟು ತಿಂಗಳ ತರುವಾಯ ಜಾರಿಗೆ ಬರತಕ್ಕದ್ದು. ಆದರೆ ಶಿಕ್ಷಿಸಬೇಕಾದರೆ ಅಪರಾಧಿಯು ಯಾರೆಂದು ತಿಳಿಯಬೇಕಷ್ಟೆ? ಎಲ್ಲರೂ 'ಅಡ್ಮಿನ್' ಆಗಿರುವ ಕಚೇರಿಯ ದಾಖಲೆಯನ್ನು 180 ದಿನಗಳಲ್ಲ, 180 ವರ್ಷಗಳ ಕಾಲ ಇಟ್ಟರೂ ನ್ಯಾಯಾಲಯಕ್ಕೆ ಏನು ತಿಳಿದೀತು?

ಉಡುಪಿಯ ಜಿಲ್ಲಾಡಳಿತವು ಈ ನಿಯಮಗಳು ಜಾರಿಗೆ ಬರುವ ಮೊದಲೇ ಜಿಲ್ಲೆಯ ಸಂಪರ್ಕದಾರರನ್ನು ಒಮ್ಮೆ ಕರೆಯಿಸಿ ತಿಳಿಯಹೇಳಬೇಕೆಂದು ನಾವು ಒತ್ತಾಯಿಸುತ್ತೇವೆ. ನಿಟ್ಟೆಯಲ್ಲಿ 1986ರಿಂದಲೂ ಇಂಜಿನಿಯರಿಂಗ್ ವಿದ್ಯಾಲಯವಿದೆ. ಸಾಫ್ಟ್‌ವೇರಿನ ಸೂಚನೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ವಸೂಲಿಯ ಹುಡುಗನಿಗೂ ಎಷ್ಟೋ ಯಜಮಾನರಿಗೂ ಅವು ಸರಿಯಾಗಿ ತಿಳಿಯುವುದಿಲ್ಲ. ಆ ವಿದ್ಯಾಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ, ನೌಕರರ ಖಾತೆಗಳನ್ನು ತೆರೆಯುವುದು ಹೇಗೆ, ಯಾವ ಕೆಲಸಕ್ಕೆ ಎಷ್ಟು ಅಧಿಕಾರ, ಕೆಲಸ ಬಿಟ್ಟವನ ಖಾತೆಯನ್ನು ಅದೇ ದಿನ ಸಾಯಂಕಾಲದೊಳಗೆ ಮುಚ್ಚುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ನಾಲ್ಕು ಪುಟಗಳಷ್ಟು ಅಚ್ಚುಹಾಕಿಸಿ ಹಂಚಿದರೆ, ಅದಕ್ಕೆ ತಗಲುವ ವೆಚ್ಚವು ಅತ್ಯಲ್ಪವಾಗಿರುವುದು.