ಹೊಸದೆಂದು ಹೇಳುವ ಮೊದಲು



ಕಳೆದ ಮಳೆಗಾಲದ ಒಂದು ಬೆಳಗ್ಗೆ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಮನೆಯ ಕುಂಡದಲ್ಲಿ ಬೆಳೆದ ನಿಂಬೆಗಿಡದ ಎಲೆಯೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟಳು. ಎಲೆಯ ತುಂಬ ಬೆಳ್ಳಿಯ ಎಳೆಯಂತಹ ಡೊಂಕು ಗೆರೆಗಳು. "ಸಾರ್, ಇದರೊಳಗೆ ಹೊಸ ಜಾತಿಯ ಹುಳು ಇದೆ. ಯಾವ ಪುಸ್ತಕದಲ್ಲಿಯೂ ಇಲ್ಲ" ಎಂದಳು. "ಎಷ್ಟು ಪುಸ್ತಕ ನೋಡಿದೆ, ತಾಯಿ?" ಎಂದು ಕೇಳಿದೆವು. "ಪಾಠದ ಪುಸ್ತಕ ಒಂದೇ ಸಾರ್" ಎಂಬ ಉತ್ತರ ಬಂದಿತು. ತರಗತಿಯೆಲ್ಲ ನಕ್ಕಿತು. ಆದರೆ ನಕ್ಕವರಲ್ಲಿ ಒಬ್ಬರೂ ಆ ಎಲೆಯನ್ನು ಅವಳಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅಂತಹ ಎಲೆಗಳನ್ನು ಗಾಜಿನ ಸೀಸೆಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ಕಾದೆವು. ಕೆಲವು ದಿನಗಳಲ್ಲಿ ಪುಟ್ಟ ಪತಂಗವೊಂದು ಹೊರಬಂದಿತು. ರೆಕ್ಕೆ ಹರಡಿದರೂ 8 ಮಿಲಿಮೀಟರಿನಷ್ಟು, ಬೆಳ್ಳಿಬಣ್ಣ, ರೆಕ್ಕೆಯ ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ನಮ್ಮ ರೈತರು ರಂಗೋಲಿ ಹುಳುವೆಂದು ಕರೆಯುವ ಬಳಗಕ್ಕೆ ಸೇರಿದ್ದು. ಬಲ್ಲವರಿಗೆ ತೋರಿಸಲಾಗಿ, ಇದು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲ, ಕಲ್ಕತ್ತೆಯಿಂದ ದೊರೆತ ಪತಂಗಗಳನ್ನು ನೋಡಿ ಸ್ಟೇಂಟನ್ ಎಂಬ ಆಂಗ್ಲ ವಿದ್ವಾಂಸರು 1856ರಲ್ಲಿಯೇ ವರ್ಣಿಸಿದ್ದಾರೆ ಎಂದು ತಿಳಿಯಿತು. ಬಾಲಕಿಯ ಮುಖ ಬಾಡಿತು.

ಅವಳಿಗೆ ನಷ್ಟವೇನೂ ಆಗಲಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹೊಸ ಪ್ರಭೇದವೆಂದು ಸಾರುವುದು ಕಣ್ಣಿನ ಕೆಲಸವಷ್ಟೇ ಅಲ್ಲ, ಹೋಲಿಕೆಯ ಕೆಲಸ. ಹಳೆಯದೆಲ್ಲವನ್ನೂ ತಿಳಿದವನಿಗೆ ಮಾತ್ರ ಹೊಸದು ಹೊಸದಾಗಿ ಕಾಣುತ್ತದೆ. ಸಣ್ಣ ಪತಂಗಗಳಲ್ಲಿ ಬಣ್ಣವನ್ನಷ್ಟೇ ನಂಬುವಂತಿಲ್ಲ. ರೆಕ್ಕೆಯ ನರಗಳನ್ನೂ, ಉದರದ ತುದಿಯಲ್ಲಿರುವ ಸಂತಾನೋತ್ಪತ್ತಿಯ ಅಂಗಗಳ ರಚನೆಯನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು, ಈಗ ಡಿ.ಎನ್.ಎ.ಯನ್ನೂ ಹೋಲಿಸಿ ನೋಡುತ್ತಾರೆ. ಬಳಿಕ ವರ್ಣನೆಯನ್ನು ಪ್ರಕಟಿಸಿ, ಹೆಸರಿಗೆ ಆಧಾರವಾದ ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಇರಿಸಬೇಕು. "ನಾನು ಹೇಳಿದ್ದು ತಪ್ಪಾಗಿದ್ದರೆ ನೀವೇ ಬಂದು ನೋಡಿ" ಎಂದು ಮುಂದಿನವರಿಗೆ ಬಾಗಿಲು ತೆರೆದಿಡುವ ಪ್ರಾಮಾಣಿಕತೆ ಇದು.

ಈ ಕೆಲಸದಲ್ಲಿ ಅಗ್ರಗಣ್ಯರಾದವರು ನಮ್ಮಂತೆಯೇ ಒಬ್ಬ ಶಾಲಾ ಉಪಾಧ್ಯಾಯರು. ಇಂಗ್ಲೆಂಡಿನ ಮಾರ್ಲ್‌ಬರೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಎಡ್ವರ್ಡ್ ಮೇರಿಕ್ (1854–1938) ಅವರು 14,000ಕ್ಕೂ ಮಿಗಿಲಾದ ಸಣ್ಣ ಪತಂಗಗಳನ್ನು ವರ್ಣಿಸಿದರು. ನಮ್ಮ ಕಾರವಾರದಿಂದಲೂ ಕೊಡಗಿನಿಂದಲೂ ಹೋದ ಪತಂಗಗಳು ಅವುಗಳಲ್ಲಿವೆ. ಅವರು ಭೂತಗನ್ನಡಿಯಲ್ಲಿ ನೋಡಿ ಬರೆದದ್ದು ಎಲ್ಲ ಕಡೆಯೂ ಸಾಲದಾಯಿತು. ಆದರೆ ಮಾದರಿಗಳು ಲಂಡನ್ನಿನಲ್ಲಿ ಭದ್ರವಾಗಿದ್ದುದರಿಂದ, ಕ್ಲಾರ್ಕ್ ಎಂಬ ಅಮೆರಿಕದ ವಿದ್ವಾಂಸರು 1955ರಿಂದ 1970ರವರೆಗೆ ಅವುಗಳ ಸಚಿತ್ರ ಸೂಚಿಯನ್ನು ಎಂಟು ಸಂಪುಟಗಳಲ್ಲಿ ಹೊರತರಲು ಸಾಧ್ಯವಾಯಿತು.

ಇಷ್ಟು ಸಣ್ಣ ಹುಳುವಿಗಾಗಿ ಇಷ್ಟು ಶ್ರಮವೇತಕ್ಕೆ ಎಂದು ಕೇಳುವವರುಂಟು. ಅವರಿಗೆ ಟೊಮೆಟೊ ಉತ್ತರ ಹೇಳುತ್ತದೆ. 1917ರಲ್ಲಿ ಮೇರಿಕ್ ಅವರು ದಕ್ಷಿಣ ಅಮೆರಿಕದ ಪೆರು ದೇಶದ ಪತಂಗವೊಂದಕ್ಕೆ ಅಬ್ಸೊಲುಟಾ ಎಂದು ಹೆಸರಿಟ್ಟರು. ಸುಮಾರು ನೂರು ವರ್ಷಗಳ ಮೇಲೆ, 2014ರಲ್ಲಿ, ಅದು ಭಾರತದ ಟೊಮೆಟೊ ತೋಟಗಳಲ್ಲಿ ಕಾಣಿಸಿಕೊಂಡಿತು. ಕರ್ನಾಟಕದ ಬೆಳೆಯನ್ನೂ ಬಿಡಲಿಲ್ಲ. ಶತ್ರುವಿನ ಹೆಸರು ಮೊದಲೇ ಗೊತ್ತಿದ್ದುದರಿಂದ ಅದರ ನಡೆನುಡಿಯ ಬಗ್ಗೆ ಬೇರೆ ದೇಶಗಳು ಕಲಿತದ್ದೆಲ್ಲ ನಮ್ಮ ರೈತರ ನೆರವಿಗೂ ಒದಗಿತು. ಹೆಸರಿಲ್ಲದ ಪೀಡೆಗೆ ಮದ್ದು ಹುಡುಕುವುದು ವಿಳಾಸವಿಲ್ಲದ ಮನೆಯನ್ನು ಹುಡುಕಿದಂತೆ.

ಇನ್ನೊಂದು ಮಾತು. ಆ ಬಾಲಕಿ ಸಂಜೆ ಮೆಲ್ಲನೆ ಕೇಳಿದಳು: "ಕನ್ನಡದಲ್ಲಿ ಓದಿದವರು ಇದನ್ನೆಲ್ಲ ಮಾಡಬಹುದೇ ಸಾರ್?" ಶಾಲೆಯನ್ನು ಕನ್ನಡದಲ್ಲಿಯೇ ಓದಿ, ಅನ್ನವನ್ನರಸಿ ಈ ಪೆರಂಬೂರಿಗೆ ಬಂದ ನಮಗೆ ಈ ಪ್ರಶ್ನೆ ಹೊಸದಲ್ಲ, ನಾವೂ ಒಂದು ಕಾಲದಲ್ಲಿ ಕೇಳಿಕೊಂಡದ್ದೇ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಹೆಸರು ಲ್ಯಾಟಿನ್ ಅಕ್ಷರಗಳಲ್ಲಿರಬೇಕೆಂದಿದೆ. ಆ ಪದ ಯಾವ ಭಾಷೆಯಿಂದಲಾದರೂ ಬರಬಹುದು. ವರ್ಣನೆಗೂ ಇಂತಹದೇ ಭಾಷೆ ಎಂಬ ಕಟ್ಟಿಲ್ಲ. ಹಲವು ದೇಶಗಳವರು ಬಲ್ಲ ಭಾಷೆಯಲ್ಲಿದ್ದರೆ ಲೇಸೆಂಬ ಸಲಹೆಯುಂಟು, ಅಷ್ಟೆ. ಆದುದರಿಂದ ಇಂಗ್ಲಿಷನ್ನು ಕಲಿಯಿರಿ. ಅದು ದೂರದವರೊಡನೆ ಮಾತನಾಡಲು ಬೇಕು. ಆದರೆ ನೋಡುವುದನ್ನು ಕಲಿಯಲು ನಿಮ್ಮ ಕನ್ನಡ ಸಾಕು. ಬೂದು, ಕಂದು, ನಸುಗೆಂಪು ಇವುಗಳ ಅಂತರವನ್ನು ತಾಯ್ನುಡಿಯಲ್ಲಿ ಹೇಳಲಾರದವನು ಪರಭಾಷೆಯಲ್ಲಿಯೂ ಹೇಳಲಾರನು.

ವಿದ್ಯಾರ್ಥಿಗಳೇ, ಈ ವರ್ಷ ನೀವು ಪ್ರತಿಯೊಬ್ಬರೂ ರಾತ್ರಿ ದೀಪಕ್ಕೆ ಬರುವ ಒಂದು ಪತಂಗವನ್ನು ಕೊಲ್ಲದೆ ನೋಡಿರಿ. ದಿನ, ಸ್ಥಳ, ಅಳತೆ, ಬಣ್ಣ, ಕುಳಿತ ಭಂಗಿ ಇವನ್ನು ಹತ್ತು ಸಾಲುಗಳಲ್ಲಿ ಕನ್ನಡದಲ್ಲಿ ಬರೆಯಿರಿ. ರಜೆಯಲ್ಲಿ 1851ರಷ್ಟು ಹಿಂದೆಯೇ ಸ್ಥಾಪಿತವಾದ ಎಳುಂಬೂರಿನ ವಸ್ತುಸಂಗ್ರಹಾಲಯಕ್ಕೂ ಹೋಗಿಬನ್ನಿರಿ. ನಿಮ್ಮ ಪತಂಗ ಹೊಸದಾಗದಿರಬಹುದು. ನಿಮ್ಮ ನೋಟ ಹೊಸದಾದರೆ ನಮಗೆ ಅಷ್ಟೇ ಸಾಕು. ನಿಂಬೆಯ ಎಲೆ ತಂದ ಬಾಲಕಿಯ ಟಿಪ್ಪಣಿಪುಸ್ತಕದಲ್ಲಿ ಈಗ ಹದಿನೇಳು ಪತಂಗಗಳಿವೆ. ಯಾವುದರ ಮುಂದೆಯೂ ಅವಳು "ಹೊಸದು" ಎಂದು ಬರೆದಿಲ್ಲ. "ನೋಡಬೇಕು" ಎಂದು ಬರೆದಿದ್ದಾಳೆ.